ಲೋಗೋ ಆಮೇಲೆ, ಪಟ್ಟಿ ಮೊದಲು: ಪದವಿ ಪ್ರದರ್ಶನದ ಇಯರ್‌ಬುಕ್ ಮತ್ತು ಬ್ರ್ಯಾಂಡಿಂಗ್ ರೂಪಿಸುವ ಬಗೆ

ಕೊನೆಯ ವರ್ಷದ ಕಲಾ ವಿದ್ಯಾರ್ಥಿಗಳು ಇಯರ್‌ಬುಕ್‌ಗೆಂದು ಮೊದಲ ಸಲ ಸೇರಿದಾಗ ಚರ್ಚೆ ಶುರುವಾಗುವುದೇ ಹೆಸರಿನಿಂದ. ರೆಕ್ಕೆ, ದಿಗಂತ, ಪಯಣ, ಬೇರು ಎಂದು ಬೋರ್ಡು ತುಂಬುತ್ತದೆ. ಎರಡನೆಯ ಸಭೆ ಲೋಗೋಗೆ ಮೀಸಲು. ಮೂರನೆಯದಕ್ಕೆ ಅರ್ಧ ಜನ ಬರುವುದಿಲ್ಲ. ಪುಸ್ತಕ ಪ್ರೆಸ್ಸಿಗೆ ಹೋಗಬೇಕಾದ ವಾರದಲ್ಲಿ ನೋಡಿದರೆ ಲೋಗೋ ಚೆಂದವಾಗಿದೆ, ಹತ್ತಾರು ಜನರ ಚಿತ್ರ ಇನ್ನೂ ಬಂದಿಲ್ಲ, ಒಂದೆರಡು ಹೆಸರು ತಪ್ಪಾಗಿವೆ.

ಈ ಪುಸ್ತಕದಲ್ಲಿ ಇರುವವರೆಲ್ಲ ದೃಶ್ಯದ ಜನ. ಒಬ್ಬೊಬ್ಬರಿಗೂ ತಮ್ಮದೇ ಬಣ್ಣ, ತಮ್ಮದೇ ಅಳತೆ, ತಮ್ಮದೇ ಹಟ. ಅಷ್ಟೂ ಜನರ ಮೇಲೆ ಒಂದು ಥೀಮ್ ಹೊದಿಸಿದರೆ ಯಾರಿಗೂ ಸರಿಹೊಂದುವುದಿಲ್ಲ. ಹಾಗಾಗಿ ನೀವು ನಿಜವಾಗಿ ರೂಪಿಸಬೇಕಾದದ್ದು ಹಂಚಿಕೆಯ ನಿಯಮವನ್ನು: ಯಾರಿಗೆ ಎಷ್ಟು ಜಾಗ, ಯಾವ ಕ್ರಮದಲ್ಲಿ, ಯಾವ ಗುರುತಿನಡಿ, ಅಂದರೆ ಯಾವ ಬ್ರ್ಯಾಂಡಿಂಗ್‌ನಡಿ. ನಿಯಮ ಗಟ್ಟಿಯಾದರೆ ನೋಟದ ಬಹುಪಾಲು ಅದರಿಂದಲೇ ಹುಟ್ಟುತ್ತದೆ. ಇಲ್ಲಿ ಲೆಕ್ಕಕ್ಕೆ ಅನುಕೂಲವಾಗಲೆಂದು 48 ಜನರ ಒಂದು ತರಗತಿಯನ್ನು ಕಲ್ಪಿಸಿಕೊಂಡಿದ್ದೇನೆ. ನಿಮ್ಮ ಸಂಖ್ಯೆಗೆ ತಕ್ಕಂತೆ ಬದಲಿಸಿಕೊಳ್ಳಿ.

ಉದ್ಘಾಟನೆಯಿಂದ ಹಿಂದಕ್ಕೆ ಎಣಿಸಿ

ಕ್ಯಾಲೆಂಡರ್ ತೆಗೆದು ಪ್ರದರ್ಶನದ ಉದ್ಘಾಟನೆಯ ದಿನಕ್ಕೆ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಪುಸ್ತಕ ಒಂದು ವಾರ ಮೊದಲೇ ಕೈಯಲ್ಲಿರಬೇಕು. ಆಫ್‌ಸೆಟ್ ಮುದ್ರಣ ಮತ್ತು ಬೈಂಡಿಂಗ್‌ಗೆ ಮೂರು ವಾರ ಬಿಡಿ. ಪ್ರೂಫ್ ನೋಡಿ ಎಲ್ಲರಿಂದ ಸಹಿ ಪಡೆಯಲು ಎರಡು ವಾರ, ಪುಟ ಕಟ್ಟಲು ಮೂರು, ಚಿತ್ರ ಮತ್ತು ಮಾಹಿತಿ ಸಂಗ್ರಹಕ್ಕೆ ನಾಲ್ಕು. ಅದಕ್ಕೂ ಹಿಂದೆ ಗ್ರಿಡ್ (ಪುಟವನ್ನು ಭಾಗ ಮಾಡುವ ಗೆರೆಗಳ ಚೌಕಟ್ಟು), ಗುರುತು, ಡಮ್ಮಿ (ಖಾಲಿ ಮಾದರಿ ಪುಸ್ತಕ) ಇವಕ್ಕೆ ಮೂರು ವಾರ. ಒಟ್ಟು 16 ವಾರ.

ಕೂಡಲೇ ಒಂದು ಪೇಚು ಎದುರಾಗುತ್ತದೆ. ಪುಸ್ತಕ ಪ್ರೆಸ್ಸಿಗೆ ಹೋಗುವುದು ಉದ್ಘಾಟನೆಗೆ ನಾಲ್ಕು ವಾರ ಮೊದಲು, ಆದರೆ ಕಲಾಕೃತಿಗಳು ಮುಗಿಯುವುದು ಹಿಂದಿನ ರಾತ್ರಿ. ಎಷ್ಟು ಗದರಿದರೂ ಇದು ಬದಲಾಗುವುದಿಲ್ಲ. ಆದ್ದರಿಂದ ವಿನ್ಯಾಸದಲ್ಲೇ ಇದಕ್ಕೆ ಉತ್ತರ ಹುಡುಕಬೇಕು. ನನಗೆ ತಿಳಿದಂತೆ ಮೂರು ದಾರಿಗಳಿವೆ. ಮೊದಲನೆಯದು, ಮುಗಿದ ಕೃತಿಯ ಬದಲು ಕೆಲಸ ನಡೆದ ಬಗೆಯನ್ನೇ ಪುಸ್ತಕದ ವಸ್ತುವಾಗಿಸುವುದು: ಸ್ಕೆಚ್‌ಬುಕ್, ಪ್ರಯೋಗದ ತುಣುಕು, ಸ್ಟುಡಿಯೊದ ಮೇಜು, ಅರ್ಧಕ್ಕೆ ನಿಂತ ಅಚ್ಚು. ಎರಡನೆಯದು, ಪುಸ್ತಕದ ಹಿಂದಿನ ರಕ್ಷಾಪುಟಕ್ಕೊಂದು ಜೇಬು ಮಾಡಿ, ಪ್ರದರ್ಶನ ತೂಗುಹಾಕಿದ ಮೇಲೆ ತೆಗೆದ ಚಿತ್ರಗಳ 16 ಪುಟದ ಪುಸ್ತಿಕೆಯನ್ನು ಆಮೇಲೆ ಅದರಲ್ಲಿಡುವುದು. ಮೂರನೆಯದು, ಪುಸ್ತಕವನ್ನೇ ಪ್ರದರ್ಶನದ ನಂತರ ತರುವುದು. ಮೂರನೆಯದರಲ್ಲಿ ಅಪಾಯ ಹೆಚ್ಚು. ಎಲ್ಲರೂ ಚದುರಿಹೋದ ಮೇಲೆ ಪ್ರೂಫ್ ನೋಡಲು ಯಾರೂ ಸಿಗುವುದಿಲ್ಲ. ನನ್ನ ಒಲವು ಮೊದಲ ಎರಡನ್ನು ಬೆರೆಸುವ ಕಡೆಗೆ.

ತಂಡ ಚಿಕ್ಕದಿರಲಿ: ಮಾಹಿತಿ ಮತ್ತು ಬರಹಕ್ಕೊಬ್ಬರು, ವಿನ್ಯಾಸಕ್ಕೊಬ್ಬರು, ಮುದ್ರಣದ ಬೆನ್ನುಹತ್ತಲು ಒಬ್ಬರು, ಗೋಡೆ ಮತ್ತು ಕೋಣೆ ನೋಡಿಕೊಳ್ಳುವ ಒಬ್ಬರು. ಇಡೀ ತರಗತಿಯ ಮತ ಒಂದೇ ಸಲ, ದಿಕ್ಕು ನಿರ್ಧರಿಸಲು ಮಾತ್ರ. ಫಾಂಟಿನ ದಪ್ಪಕ್ಕೆ ಮತ ಹಾಕಿಸಲು ಹೋದರೆ ಪುಸ್ತಕ ಬರುವುದಿಲ್ಲ.

ಪುಟದ ಲೆಕ್ಕ

ಪುಸ್ತಕ ಬಿಡಿ ಹಾಳೆಗಳಿಂದ ಆಗುವುದಿಲ್ಲ. ದೊಡ್ಡ ಶೀಟಿನ ಮೇಲೆ ಅಚ್ಚಾಗಿ, ಮಡಚಿ, ಫಾರಂಗಳಾಗಿ ಬರುತ್ತದೆ. ಒಂದು ಫಾರಂ ಬಹುತೇಕ 8 ಅಥವಾ 16 ಪುಟ. 48 ಜನರಿಗೆ ತಲಾ 4 ಪುಟ ಎಂದರೆ 192. ಮುನ್ನುಡಿ, ಪರಿವಿಡಿ, ಸೂಚಿ, ಕೃತಜ್ಞತೆಗೆ 16. ಒಟ್ಟು 208, ಅಂದರೆ 16 ಪುಟದ ಸರಿಯಾಗಿ 13 ಫಾರಂ. ತಲಾ 2 ಪುಟವಾದರೆ 96ಕ್ಕೆ 16 ಸೇರಿ 112, ಅಂದರೆ 7 ಫಾರಂ. ಈ ಲೆಕ್ಕವನ್ನು ವಿನ್ಯಾಸದ ಮೊದಲೇ ಮಾಡಿ. ಕೊನೆಗೆ ಮಾಡಿದರೆ ಮೂರು ಪುಟ ಖಾಲಿ ಉಳಿದು, ಅಲ್ಲಿ ಯಾರದೋ ಕವನ ಬಂದು ಕೂರುತ್ತದೆ.

ಎಲ್ಲರಿಗೂ ಸಮಾನ ಪುಟ ಎಂಬುದರಲ್ಲಿ ರಾಜಿ ಬೇಡ. ಶಿಲ್ಪ ದೊಡ್ಡದು, ಎಚ್ಚಣೆ (ಲೋಹದ ಫಲಕದಿಂದ ತೆಗೆದ ಅಚ್ಚು) ಚಿಕ್ಕದು ಎಂಬ ಕಾರಣಕ್ಕೆ ಒಬ್ಬರಿಗೆ ಆರು, ಇನ್ನೊಬ್ಬರಿಗೆ ಎರಡು ಕೊಟ್ಟರೆ ಆ ಅಸಮಾಧಾನ ವರ್ಷಗಟ್ಟಲೆ ಉಳಿಯುತ್ತದೆ. ಪುಟದ ಒಳಗೆ ಮಾತ್ರ ಸ್ವಾತಂತ್ರ್ಯ ಇರಲಿ. 12 ಕಾಲಂಗಳ ಒಂದು ಗ್ರಿಡ್ ಹಾಕಿಕೊಂಡರೆ ಎರಡು, ಮೂರು, ನಾಲ್ಕು ಭಾಗಗಳಾಗಿ ಸಲೀಸಾಗಿ ಒಡೆಯಬಹುದು. ಹೆಸರು, ಸಂಖ್ಯೆ ಮತ್ತು ಕೃತಿವಿವರದ ಜಾಗ ಎಲ್ಲ ಪುಟದಲ್ಲೂ ಒಂದೇ. ಚಿತ್ರ ಎಲ್ಲಿ ಬೇಕಾದರೂ ಓಡಾಡಲಿ.

ಕ್ರಮದ ವಿಚಾರದಲ್ಲಿ ಅಕಾರಾದಿ ನ್ಯಾಯವಾದದ್ದು, ಆದರೆ ಪ್ರದರ್ಶನದ ಗೋಡೆಗೂ ಅದಕ್ಕೂ ಸಂಬಂಧವಿರುವುದಿಲ್ಲ. ಕೋಣೆಯ ಕ್ರಮದಲ್ಲೇ ಪುಸ್ತಕ ಕಟ್ಟಿ, ಕೊನೆಯಲ್ಲಿ ಅಕಾರಾದಿ ಸೂಚಿ ಕೊಟ್ಟರೆ ಪುಸ್ತಕವೇ ಪ್ರದರ್ಶನದ ಕೈಪಿಡಿಯಾಗುತ್ತದೆ. ಒಬ್ಬೊಬ್ಬರಿಗೂ 01ರಿಂದ 48ರವರೆಗೆ ಒಂದು ಸಂಖ್ಯೆ ಕೊಡಿ. ಅದೇ ಸಂಖ್ಯೆ ಪುಸ್ತಕದ ಪುಟದಲ್ಲಿ, ಗೋಡೆಯ ಲೇಬಲ್‌ನಲ್ಲಿ, ನಕ್ಷೆಯಲ್ಲಿ, ವೆಬ್‌ಸೈಟಿನಲ್ಲಿ, ಫೈಲಿನ ಹೆಸರಿನಲ್ಲಿ. ಮುಂದೆ ನೋಡುವಂತೆ ಗುರುತಿನ ಅರ್ಧ ಭಾಗ ಇದೇ. ಸೂಚಿ ಮಾಡುವಾಗ ಹೆಸರಿನ ಮುಂದಿನ ಇನಿಷಿಯಲ್ ಬಿಟ್ಟು, ಹೆಸರಿನ ಮೊದಲ ಅಕ್ಷರವನ್ನೇ ಹಿಡಿದು ಜೋಡಿಸಿ. ಕನ್ನಡ ಸೂಚಿಗೆ ವರ್ಣಮಾಲೆಯ ಕ್ರಮವಿರಲಿ. ಇಂಗ್ಲಿಷ್ ಪಟ್ಟಿಯನ್ನು ಹಾಗೇ ಇಳಿಸಿಕೊಂಡರೆ ಓದುಗರು ಹುಡುಕಿಯೇ ಸುಸ್ತಾಗುತ್ತಾರೆ.

ಸಂಗ್ರಹ: ಬೇಸರದ ಕೆಲಸ, ಆದರೆ ಪುಸ್ತಕ ನಿಲ್ಲುವುದು ಇದರ ಮೇಲೆ

ಒಂದೇ ಮಾಹಿತಿ ನಮೂನೆ, ಒಂದೇ ಫೋಲ್ಡರ್, ಒಂದೇ ಗಡುವು. ನಮೂನೆಯಲ್ಲಿ ಕೇಳಬೇಕಾದದ್ದು: ಅಚ್ಚಾಗಬೇಕಾದ ಹೆಸರು (ಎರಡು ಲಿಪಿಯಲ್ಲಿ ಬೇಕಿದ್ದರೆ ಎರಡರಲ್ಲೂ ಅವರೇ ಟೈಪ್ ಮಾಡಲಿ), ಕೃತಿಯ ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ, 80 ಪದ ಮೀರದ ಟಿಪ್ಪಣಿ, ಪುಸ್ತಕ ಮತ್ತು ವೆಬ್‌ಸೈಟಿನಲ್ಲಿ ಚಿತ್ರ ಬಳಸಲು ಒಪ್ಪಿಗೆ. ಅಳತೆ ಸೆಂ.ಮೀ.ನಲ್ಲಿ, ಎತ್ತರ ಮೊದಲು, ಆಮೇಲೆ ಅಗಲ, ಕೊನೆಗೆ ಆಳ. ಒಬ್ಬರು ಇಂಚು ಕೊಟ್ಟು ಇನ್ನೊಬ್ಬರು ಅಡಿ ಕೊಟ್ಟರೆ ಅದನ್ನು ಸರಿಪಡಿಸುವ ರಾತ್ರಿ ನಿಮ್ಮ ಪಾಲಿಗೇ ಬರುತ್ತದೆ.

80 ಪದ ಅಂದರೆ 80 ಪದ. ಟಿಪ್ಪಣಿಯಲ್ಲಿ 'ಅಸ್ಮಿತೆಯ ಶೋಧ', 'ಕಾಲದ ಹರಿವು' ಬಂದರೆ ಬರೆದವರನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ: ಇದನ್ನು ಯಾವುದರಿಂದ ಮಾಡಿದಿರಿ, ಯಾಕೆ ಇದೇ ವಸ್ತು, ಏನು ಕೆಟ್ಟಿತು? ಅವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಅದೇ ಒಳ್ಳೆಯ ಟಿಪ್ಪಣಿ.

ಚಿತ್ರದ ಗುಣಮಟ್ಟಕ್ಕೆ ಲೆಕ್ಕವಿದೆ. ಇಂಚಿಗೆ 300 ಪಿಕ್ಸೆಲ್ ಹಿಡಿದರೆ 20 ಸೆಂ.ಮೀ. ಅಗಲಕ್ಕೆ ಸುಮಾರು 2,360 ಪಿಕ್ಸೆಲ್ ಬೇಕು. ಉದ್ದ ಬದಿ ಕನಿಷ್ಠ 3,500 ಪಿಕ್ಸೆಲ್ ಎಂದು ಕೇಳಿ, ಕಡಿಮೆಯಿದ್ದರೆ ಅಂದೇ ವಾಪಸ್ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದ್ದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲಿ, ಇಲ್ಲವೇ ನೇರವಾಗಿ ಫೋಲ್ಡರ್‌ಗೆ ಹಾಕಲಿ.

ಇದಕ್ಕಿಂತ ಒಳ್ಳೆಯದು, ಎಲ್ಲ ಕೃತಿಗಳನ್ನೂ ಒಂದೇ ಕಡೆ, ಒಂದೇ ಬೆಳಕಿನಲ್ಲಿ ನೀವೇ ತೆಗೆಸುವುದು. ಚಪ್ಪಟೆ ಕೃತಿಗೆ ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಸಮ ಬೆಳಕು, ಕ್ಯಾಮೆರಾ ಕೃತಿಗೆ ಸಮಾನಾಂತರ, ಮೊದಲ ಶಾಟ್‌ನಲ್ಲಿ ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ಹಾಳೆ). ಗಾಜಿನ ಚೌಕಟ್ಟು ಹಾಕುವ ಮೊದಲೇ ತೆಗೆಯಿರಿ. ವಿಡಿಯೊ ಕೃತಿಗೆ ಮೂಲ ಫೈಲಿನಿಂದಲೇ ಫ್ರೇಮ್ ತೆಗೆಸಿ, ಪರದೆಯ ಫೋಟೊ ಬೇಡ.

ಇನ್ನು ಮುಖಗಳ ಮಾತು. ಇಯರ್‌ಬುಕ್ ಎಂದ ಮೇಲೆ ಮುಖ ಬೇಕು, ಕ್ಯಾಟಲಾಗ್ ಎಂದರೆ ಕೃತಿ ಬೇಕು. ಎರಡನ್ನೂ ಒಂದೇ ಪುಟದಲ್ಲಿ ತುರುಕಿದಾಗ ಎರಡೂ ಸೋಲುತ್ತವೆ. ಭಾವಚಿತ್ರಗಳನ್ನು ಒಂದೇ ಗೋಡೆಯೆದುರು, ಒಂದೇ ದೂರದಿಂದ ತೆಗೆಸಿ, ಪುಸ್ತಕದ ಕೊನೆಯ ಒಂದು ಭಾಗದಲ್ಲಿ ಒಟ್ಟಿಗೆ ಜೋಡಿಸಿ. ಪ್ರವಾಸದ ಫೋಟೊ, ತಮಾಷೆ, ಅಡ್ಡಹೆಸರುಗಳೆಲ್ಲ ಅಲ್ಲಿಗೇ. ಸೆಲ್ಫಿ ಕಳಿಸಿ ಎಂದು ಮಾತ್ರ ಹೇಳಬೇಡಿ, 48 ಬಗೆಯ ಬೆಳಕು ಬರುತ್ತದೆ.

ಗುರುತು: ಚಿತ್ರ ಬಿಡಿಸುವ ಮೊದಲು ನಿಯಮ ಬರೆಯಿರಿ

ಬ್ರಷ್, ಪ್ಯಾಲೆಟ್, ಚಿಮ್ಮಿದ ಬಣ್ಣ, ಹಾರುವ ಹಕ್ಕಿ ಇವನ್ನು ಮೊದಲ ದಿನವೇ ಪಕ್ಕಕ್ಕಿಡಿ. ಕಲಾ ಪ್ರದರ್ಶನಕ್ಕೆ ಬಂದವರಿಗೆ ಇದು ಕಲೆ ಎಂದು ಹೇಳುವ ಅಗತ್ಯವಿಲ್ಲ.

ನಿಯಮದಿಂದ ಗುರುತು ಹುಟ್ಟಿಸಿದವರ ಉದಾಹರಣೆಗಳಿವೆ. ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂಗೆ 2013ರಲ್ಲಿ ಎಕ್ಸ್‌ಪೆರಿಮೆಂಟಲ್ ಜೆಟ್‌ಸೆಟ್ ಎಂಬ ಡಚ್ ಸಂಸ್ಥೆ ಕೊಟ್ಟದ್ದು 'ಡಬ್ಲ್ಯೂ' ಅಕ್ಷರದ ತೆಳು ಗೆರೆ. ಪಕ್ಕದಲ್ಲಿ ಚಿತ್ರವೋ ಬರಹವೋ ಎಷ್ಟು ಜಾಗ ಬಿಡುತ್ತದೋ ಅದಕ್ಕೆ ತಕ್ಕಂತೆ ಆ ಗೆರೆ ಹಿಗ್ಗುತ್ತದೆ, ಕುಗ್ಗುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ 2011ರಲ್ಲಿ ಅಲ್ಗಾರಿದಮ್‌ನಿಂದ 40,000 ರೂಪ ತಾಳಬಲ್ಲ ಲೋಗೋ ತಂದಿತ್ತು, ಒಬ್ಬೊಬ್ಬರಿಗೂ ತಮ್ಮದೇ ಒಂದು ಸಿಗುವಂತೆ. 2014ಕ್ಕೇ ಅದರ ಜಾಗಕ್ಕೆ ಪೆಂಟಾಗ್ರಾಂ ಎಂಬ ವಿನ್ಯಾಸ ಸಂಸ್ಥೆ ಮಾಡಿದ ಹೊಸ ಗುರುತು ಬಂತು. ಅಷ್ಟೊಂದು ರೂಪವಿದ್ದರೆ ಕಣ್ಣಿಗೆ ಯಾವುದೂ ನೆನಪಿರುವುದಿಲ್ಲ ಎಂಬುದು ನನ್ನ ಅನಿಸಿಕೆ. 1923ರಲ್ಲಿ ಜರ್ಮನಿಯ ವೈಮಾರ್‌ನ ಬೌಹೌಸ್ ಕಲಾ ಶಾಲೆ ತನ್ನ ದೊಡ್ಡ ಪ್ರದರ್ಶನಕ್ಕೆ ಬೇರೆಯೇ ದಾರಿ ಹಿಡಿದಿತ್ತು: ಶಿಕ್ಷಕರು, ವಿದ್ಯಾರ್ಥಿಗಳು ಸೇರಿ ಮಾಡಿದ 20 ಪೋಸ್ಟ್‌ಕಾರ್ಡ್‌ಗಳ ಸರಣಿ. ಅಳತೆ ಮತ್ತು ವಿಷಯ ಒಂದೇ, ಕೈ ಬೇರೆಬೇರೆ. ಪದವಿ ಪ್ರದರ್ಶನಕ್ಕೆ ಇದು ಇಂದಿಗೂ ಒಗ್ಗುವ ಉಪಾಯ.

ನಮ್ಮ 48 ಜನರಿಗೆ ನಾನು ಸೂಚಿಸುವ ನಿಯಮ ಇದು. ಪುಸ್ತಕದಲ್ಲಿ ಸದಾ ಕಾಡುವ ಸಮಸ್ಯೆಯೆಂದರೆ ಅಂಗೈಯಗಲದ ಎಚ್ಚಣೆಯೂ ಮೂರು ಮೀಟರ್ ಶಿಲ್ಪವೂ ಪುಟದ ಮೇಲೆ ಒಂದೇ ಗಾತ್ರಕ್ಕೆ ಕಾಣುವುದು. ಹಾಗಾಗಿ ಪ್ರತಿ ಕೃತಿಯ ಹೊರಗೆರೆಯನ್ನು 1:50 ಅಳತೆಯಲ್ಲಿ ಬಿಡಿಸಿ. ಮೂರು ಮೀಟರ್ 6 ಸೆಂ.ಮೀ. ಆಗುತ್ತದೆ, 20 ಸೆಂ.ಮೀ. ಎಚ್ಚಣೆ 4 ಮಿ.ಮೀ. ಆಗುತ್ತದೆ. ವಿಡಿಯೊ ಆದರೆ ಪರದೆಯ ಅಳತೆ, ಪರ್ಫಾರ್ಮೆನ್ಸ್ ಆದರೆ ಅದು ಬೇಡುವ ನೆಲದ ವಿಸ್ತಾರ, ಧ್ವನಿ ಕೃತಿಗೆ ನಿಮಿಷಕ್ಕೊಂದು ಮಿ.ಮೀ.ನಂತೆ ಒಂದು ಗೆರೆ. ಈ ಪುಟ್ಟ ಆಕಾರ ಮತ್ತು ಅದರ ಸಂಖ್ಯೆ ಎರಡೂ ಸೇರಿದರೆ ಒಬ್ಬರ ಗುರುತು. 48 ಆಕಾರಗಳನ್ನೂ ಹಿಗ್ಗಿಸಿ ಒಟ್ಟಿಗೆ ಜೋಡಿಸಿದರೆ ಪೋಸ್ಟರ್. ಒಂದೊಂದನ್ನೇ ತೆಗೆದರೆ ಆಮಂತ್ರಣ, ಇನ್‌ಸ್ಟಾಗ್ರಾಂ ಪೋಸ್ಟ್, ಬ್ಯಾಡ್ಜ್. ಕೋಣೆಯ ನಕ್ಷೆಯಲ್ಲಿ ಅದೇ ಆಕಾರಗಳು ಗೋಡೆಯ ಉದ್ದಕ್ಕೂ ನಿಲ್ಲುತ್ತವೆ. ಹೊಸದಾಗಿ ಏನನ್ನೂ ಬಿಡಿಸಬೇಕಾಗಿಲ್ಲ, ಅಳತೆಯ ಪಟ್ಟಿ ಇದ್ದರೆ ಸಾಕು. ಕೃತಿ ಮುಗಿದಿಲ್ಲ ಎಂದರೆ ಅದಕ್ಕೆ ಹಂಚಿಕೆಯಾದ ಗೋಡೆಯ ಜಾಗವನ್ನೇ ಅಳತೆಯಾಗಿ ಹಿಡಿಯಿರಿ.

ನಿಮ್ಮ ನಿಯಮ ಬೇರೆಯಿರಬಹುದು. ಆದರೆ ಅದನ್ನು ಎರಡು ವಾಕ್ಯದಲ್ಲಿ ಬರೆದು ಇನ್ನೊಬ್ಬರ ಕೈಗೆ ಕೊಟ್ಟು ನೋಡಿ. ನಿಮ್ಮನ್ನು ಏನೂ ಕೇಳದೆ ಅವರು ಒಂದು ಪೋಸ್ಟರ್ ಮಾಡಬಲ್ಲರಾದರೆ ನಿಯಮ ಸರಿಯಾಗಿದೆ.

ಬಣ್ಣವನ್ನು ಕೃತಿಗಳಿಗೇ ಬಿಡಿ. ಗುರುತಿಗೆ ಕಪ್ಪು ಮತ್ತು ಇನ್ನೊಂದೇ ಬಣ್ಣ ಸಾಕು. ಆ ಒಂದನ್ನು ಆರಿಸುವಾಗ ಪರದೆಯಿಂದ ಶುರು ಮಾಡದೆ, ಗೋಡೆಯ ಅಕ್ಷರಗಳಿಗೆ ಕತ್ತರಿಸಿ ಅಂಟಿಸುವ ವಿನೈಲ್ ಹಾಳೆಯ ಶೇಡ್ ಕಾರ್ಡಿನಿಂದ ಶುರು ಮಾಡಿ. ಮುದ್ರಣದ ಶಾಯಿಯನ್ನು ಯಾವ ಬಣ್ಣಕ್ಕಾದರೂ ಬೆರೆಸಬಹುದು, ವಿನೈಲ್ ಮಾತ್ರ ಇದ್ದ ಬಣ್ಣಗಳಲ್ಲೇ ಸಿಗುತ್ತದೆ. ಫ್ಲೋರೊಸೆಂಟ್ ಸ್ಪಾಟ್ ಬಣ್ಣದ (ಪ್ರತ್ಯೇಕವಾಗಿ ಬೆರೆಸಿದ ಶಾಯಿಯ) ಆಸೆಯಿದ್ದರೆ ನೆನಪಿಡಿ, ಅದು ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು) ನಾಲ್ಕು ಬಣ್ಣದಲ್ಲಿ ಬರುವುದಿಲ್ಲ. ಡಿಜಿಟಲ್ ಮುದ್ರಣದ ಪೋಸ್ಟರ್‌ನಲ್ಲಿ ಅದು ಮಂಕಾಗಿ ಕಾಣುತ್ತದೆ.

ಅಕ್ಷರ

ಎರಡು ಲಿಪಿ ಬಳಸುವುದಾದರೆ ಎರಡನ್ನೂ ಒಟ್ಟಿಗೆ ರೂಪಿಸಿದ ಫಾಂಟ್ ಕುಟುಂಬ ಹುಡುಕಿ. ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆಯವರ ಅನೇಕ್‌ನಲ್ಲಿ ಕನ್ನಡವೂ ಲ್ಯಾಟಿನ್ನೂ ಇವೆ, ದಪ್ಪ ಮತ್ತು ಅಗಲ ಎರಡನ್ನೂ ಬದಲಿಸಬಹುದು. ಉದ್ದ ಬರಹಕ್ಕೆ ಟಿರೊ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ಓದಲು ಹಿತ. ಮೂರೂ ಮುಕ್ತ ಪರವಾನಗಿಯವು.

ಕನ್ನಡದ ಒತ್ತಕ್ಷರಗಳು ಗೆರೆಯ ಕೆಳಗಿಳಿಯುತ್ತವೆ. ಇಂಗ್ಲಿಷ್‌ಗೆ ಸಾಕಾಗುವ ಸಾಲಂತರ ಇಲ್ಲಿ ಸಾಲದು, ಅಕ್ಷರದ ಗಾತ್ರದ ಒಂದೂವರೆ ಪಟ್ಟಿನಿಂದ ಶುರು ಮಾಡಿ. ಶೀರ್ಷಿಕೆಯ ಅಕ್ಷರಗಳ ನಡುವೆ ಜಾಗ ಬಿಟ್ಟು ಎಳೆಯುವ ಚಾಳಿ ಕನ್ನಡಕ್ಕೆ ಒಗ್ಗುವುದಿಲ್ಲ, ಕೊಂಬು ದೀರ್ಘಗಳು ಅಕ್ಷರದಿಂದ ಕಳಚಿಕೊಂಡಂತೆ ಕಾಣುತ್ತವೆ. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಒಡೆಯುತ್ತದೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಎನ್‌ಕೋಡಿಂಗ್‌ನಲ್ಲಿ ಬಂದ ಪಠ್ಯವನ್ನು ಮೊದಲೇ ಯೂನಿಕೋಡ್‌ಗೆ ಬದಲಿಸಿ, ಬದಲಿಸಿದ ಮೇಲೆ ಮತ್ತೊಮ್ಮೆ ಓದಿ. ಅರ್ಕಾವೊತ್ತು ಜಾಗ ತಪ್ಪುವುದು ಸಾಮಾನ್ಯವಾಗಿ ಅಲ್ಲೇ.

ಕಾಗದ, ಬೈಂಡಿಂಗ್, ಪ್ರೆಸ್

ಯಾವ ವಿನ್ಯಾಸಕ್ಕೂ ಮೊದಲು ಪ್ರೆಸ್ಸಿನವರಿಂದ ಖಾಲಿ ಡಮ್ಮಿ ಕೇಳಿ: ನೀವು ಬಳಸುವ ಅದೇ ಕಾಗದ, ಅಷ್ಟೇ ಪುಟ, ಅದೇ ಬೈಂಡಿಂಗ್. ಪುಸ್ತಕದ ಬೆನ್ನಿನ ಅಗಲವನ್ನು ಅದರಿಂದಲೇ ಅಳೆಯಿರಿ. ಡಮ್ಮಿ ಕೈಯಲ್ಲಿ ಹಿಡಿದಾಗ ಎಷ್ಟೋ ವಾದಗಳು ತಾವೇ ಮುಗಿಯುತ್ತವೆ.

ಬೈಂಡಿಂಗ್ ಬಗ್ಗೆ ಇಷ್ಟು. ಪುಟ ಕಡಿಮೆಯಿದ್ದರೆ ಸೆಂಟರ್ ಪಿನ್. ಪರ್ಫೆಕ್ಟ್ ಬೈಂಡಿಂಗ್ ಅಂಟಿನ ಮೇಲೆ ನಿಲ್ಲುವುದರಿಂದ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಎರಡು ಪುಟಕ್ಕೂ ಹರಡಿದ ಚಿತ್ರದ ನಡುಭಾಗ ಒಳಗೆ ಮುಳುಗುತ್ತದೆ. ಚಿತ್ರಗಳನ್ನು ಅಡ್ಡಲಾಗಿ ಹರಡಬೇಕೆಂದಿದ್ದರೆ ಫಾರಂ ಹೊಲಿದ ಬೈಂಡಿಂಗ್ ಮಾಡಿಸಿ. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿ ಓಡುತ್ತಿದೆಯೇ ಎಂದು ಕೇಳಲು ಮರೆಯಬೇಡಿ, ಅಡ್ಡ ಓಡಿದರೆ ಪುಟಗಳು ಸೆಟೆದುಕೊಂಡು ನಿಲ್ಲುತ್ತವೆ.

ಕಲಾ ವಿದ್ಯಾರ್ಥಿಗಳಿಗೆ ಕೋಟಿಂಗ್ ಇಲ್ಲದ ಕಾಗದದ ಮೇಲೆ ಮೋಹ ಹೆಚ್ಚು. ಮುಟ್ಟಲು ಸೊಗಸು ನಿಜ, ಆದರೆ ಶಾಯಿಯನ್ನು ಹೀರಿ ಗಾಢ ಚಿತ್ರಗಳನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ನಿಮ್ಮಲ್ಲಿರುವ ಅತಿ ಗಾಢ ಪೇಂಟಿಂಗ್ ಒಂದು, ಅತಿ ತಿಳಿ ಪೆನ್ಸಿಲ್ ಡ್ರಾಯಿಂಗ್ ಒಂದು ಆರಿಸಿ ಎರಡು ಕಾಗದದ ಮೇಲೆ ಪರೀಕ್ಷೆ ಮಾಡಿಸಿ. ಆ ನಾಲ್ಕು ಹಾಳೆ ನೋಡಿ ನಿರ್ಧರಿಸಿ. ಒಳಪುಟಕ್ಕೆ 120ರಿಂದ 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ), ರಕ್ಷಾಪುಟಕ್ಕೆ 250ರಿಂದ 300 ಎಂಬುದು ಸಾಮಾನ್ಯ ಆಯ್ಕೆ.

ಫೈಲ್ ಕಳಿಸುವಾಗ ಎಲ್ಲ ಬದಿಗೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗಲೆಂದು ಅಂಚಿನಾಚೆ ಬಿಡುವ ಭಾಗ), ಬರಹಕ್ಕೆ ಬರೀ ಕಪ್ಪು ಶಾಯಿ (ನಾಲ್ಕೂ ಬಣ್ಣ ಸೇರಿದ ಕಪ್ಪಾದರೆ ಸಣ್ಣ ಅಕ್ಷರದ ಅಂಚು ಕದಡುತ್ತದೆ), ಪ್ರೆಸ್ಸಿನವರು ಕೊಟ್ಟ ಬಣ್ಣದ ಪ್ರೊಫೈಲ್. ಪ್ರೂಫನ್ನು ಕಾಗದದ ಮೇಲೆ ಅಚ್ಚು ಹಾಕಿ ಗೋಡೆಗೆ ಅಂಟಿಸಿ, ಒಬ್ಬೊಬ್ಬರೂ ತಮ್ಮ ಪುಟದ ಮೇಲೆ ಸಹಿ ಹಾಕಲಿ. ಸಹಿಯ ನಂತರದ ತಿದ್ದುಪಡಿ ಹೆಸರಿನ ಕಾಗುಣಿತಕ್ಕೆ ಮಾತ್ರ. ಅಂದ ಹಾಗೆ, ಗಣ್ಯರ ಶುಭ ಸಂದೇಶಗಳು ಬರುವುದು ಖಚಿತ. ಅವಕ್ಕೆ ಮೊದಲೇ ಪುಸ್ತಕದ ಹಿಂಭಾಗದಲ್ಲಿ ಪುಟ ಮೀಸಲಿಟ್ಟಿದ್ದರೆ ಮುಂಭಾಗ ಉಳಿಯುತ್ತದೆ.

ಗೋಡೆಯ ಮೇಲೆ

ಪ್ರದರ್ಶನದಲ್ಲಿ ವಿನ್ಯಾಸ ಸೋಲುವುದು ಹೆಚ್ಚಾಗಿ ಲೇಬಲ್‌ನಲ್ಲಿ. ಪರದೆಯ ಮೇಲೆ ಸೊಗಸಾಗಿ ಕಂಡ 9 ಪಾಯಿಂಟ್ ಅಕ್ಷರವನ್ನು ಗೋಡೆಯ ಮೇಲೆ ಓದಲು ಜನ ಮೂಗು ತಾಗಿಸಬೇಕಾಗುತ್ತದೆ. ಕೃತಿಯ ಲೇಬಲ್‌ಗೆ ಕನಿಷ್ಠ 18 ಪಾಯಿಂಟ್, 24 ಇದ್ದರೆ ಒಳ್ಳೆಯದು. ಪರಿಚಯದ ಫಲಕಕ್ಕೆ 36ಕ್ಕಿಂತ ಮೇಲೆ, ಬರಹ 150 ಪದದೊಳಗೆ. ಚಿತ್ರಗಳ ನಡುಬಿಂದು ನೆಲದಿಂದ ಸುಮಾರು 150 ಸೆಂ.ಮೀ. ಎತ್ತರಕ್ಕೆ ಬರುವಂತೆ ತೂಗುಹಾಕುವುದು ರೂಢಿ. ಲೇಬಲ್ ಅದಕ್ಕಿಂತ ಕೆಳಗೆ, ಗಾಲಿಕುರ್ಚಿಯಲ್ಲಿ ಕೂತವರಿಗೂ ಓದಲಾಗುವ ಎತ್ತರದಲ್ಲಿ, ಎಲ್ಲ ಕಡೆ ಕೃತಿಯ ಒಂದೇ ಬದಿಗೆ. ಸಂಖ್ಯೆ ದೊಡ್ಡದಾಗಿ, ಹೆಸರು ಅದರ ಕೆಳಗೆ. ಹೊಳೆಯುವ ಲ್ಯಾಮಿನೇಶನ್ ಬೇಡ, ದೀಪ ಬಿದ್ದಲ್ಲಿ ಏನೂ ಕಾಣುವುದಿಲ್ಲ.

ಕೊನೆಯ ರಾತ್ರಿ ಶೀರ್ಷಿಕೆ ಬದಲಿಸುವವರು ಇದ್ದೇ ಇರುತ್ತಾರೆ. ಅವರ ಮೇಲೆ ರೇಗುವ ಬದಲು ಲೇಬಲ್‌ನ ಟೆಂಪ್ಲೇಟ್, ಅದೇ ಕಾರ್ಡ್ ಕಾಗದದ ಇಪ್ಪತ್ತು ಹಾಳೆ, ಕಟರ್, ಡಬಲ್ ಟೇಪ್ ಇವನ್ನು ಸ್ಥಳದಲ್ಲೇ ಇಟ್ಟುಕೊಳ್ಳಿ. ಟೇಪ್ ಬಣ್ಣವನ್ನು ಕಿತ್ತುಕೊಂಡು ಬರುತ್ತದೆಯೇ ಎಂದು ಬಾಗಿಲ ಹಿಂದಿನ ಮೂಲೆಯಲ್ಲಿ ಮೊದಲೇ ಪರೀಕ್ಷಿಸಿ.

ಪ್ರವೇಶದ್ವಾರದ ದೊಡ್ಡ ವಿನೈಲ್ ಅಕ್ಷರಗಳ ವಿಷಯದಲ್ಲಿ ಎರಡು ಸಂಗತಿ ಗೊತ್ತಿರಬೇಕು. ಹೊಸದಾಗಿ ಬಳಿದ ಗೋಡೆಗೆ ವಿನೈಲ್ ಸರಿಯಾಗಿ ಅಂಟುವುದಿಲ್ಲ. ಬಣ್ಣ ಪೂರ್ತಿ ಬಲಿಯಲು ಕೆಲವು ವಾರ ಬೇಕು, ಆದರೆ ನಿಮಗೆ ಗೋಡೆ ಸಿಗುವುದು ಎರಡು ದಿನ ಮೊದಲು. ಆಗ ಗೋಡೆಯ ಬದಲು ಗಾಜಿನ ಬಾಗಿಲಿಗೆ ಅಥವಾ ಬೇರೆ ಬೋರ್ಡಿಗೆ ಅಂಟಿಸುವುದು ಕ್ಷೇಮ. ಇನ್ನೊಂದು, ಕನ್ನಡ ಫಾಂಟ್‌ಗಳಲ್ಲಿ ಅಕ್ಷರ ಮತ್ತು ಅದರ ಗುಣಿತ, ಒತ್ತು ಒಂದರ ಮೇಲೊಂದು ಹಾಯುವ ಜಾಗಗಳಿರುತ್ತವೆ. ಅಕ್ಷರಗಳನ್ನು ಔಟ್‌ಲೈನ್ (ಬರೀ ಗೆರೆಯ ಆಕಾರ) ಮಾಡಿ, ಆ ಹಾದುಹೋಗುವ ಗೆರೆಗಳನ್ನು ಬೆಸೆದು ಒಂದಾಗಿಸದಿದ್ದರೆ ಕತ್ತರಿಸುವ ಯಂತ್ರ ಅಕ್ಷರದ ಒಳಗೂ ಕತ್ತರಿಸಿಬಿಡುತ್ತದೆ. ತೀರ ತೆಳುವಾದ ಅಕ್ಷರವೂ ಬೇಡ, ಹಾಳೆಯಿಂದ ಬಿಡಿಸುವಾಗಲೇ ಹರಿಯುತ್ತದೆ.

ದಿಕ್ಕು ತೋರಿಸುವ ಫಲಕ ಹಾಕುವ ಮೊದಲು ಜಾಗ ಗೊತ್ತಿಲ್ಲದ ಒಬ್ಬರನ್ನು ಗೇಟಿನಿಂದ ನಡೆಸಿಕೊಂಡು ಬನ್ನಿ. ಅವರು ಎಲ್ಲಿ ನಿಂತು ಆಚೆ ಈಚೆ ನೋಡುತ್ತಾರೋ ಅಲ್ಲಿ ಬಾಣ ಬೇಕು, ಉಳಿದ ಕಡೆ ಬೇಡ. ಕ್ಯೂಆರ್ ಕೋಡ್ ಇಡುವುದಾದರೆ ಓದುವ ದೂರದ ಹತ್ತನೇ ಒಂದು ಭಾಗದಷ್ಟಾದರೂ ಅಗಲವಿರಲಿ: ಒಂದು ಮೀಟರ್ ದೂರಕ್ಕೆ 10 ಸೆಂ.ಮೀ. ಅದು ತಲುಪುವ ಕೊಂಡಿ ಮುಂದಿನ ವರ್ಷವೂ ಬದುಕಿರುತ್ತದೆಯೇ ಎಂದೂ ನೋಡಿಕೊಳ್ಳಿ.

ಬಾಗಿಲು ತೆರೆದ ಮೇಲೆ

ಉದ್ಘಾಟನೆಯ ಮರುದಿನ ಬೆಳಿಗ್ಗೆ, ಜನ ಬರುವ ಮೊದಲು ಕೋಣೆಗಳ ಫೋಟೊ ತೆಗೆಸಿ. ಜೇಬಿನ 16 ಪುಟದ ಪುಸ್ತಿಕೆಗೆ ಬೇಕಾದದ್ದು ಇವೇ. ಗ್ರಿಡ್ ಸಿದ್ಧವಿರುವುದರಿಂದ ಎರಡು ದಿನದಲ್ಲಿ ಕಟ್ಟಿ, ಡಿಜಿಟಲ್ ಮುದ್ರಣಕ್ಕೆ ಕೊಟ್ಟು, ಪ್ರದರ್ಶನ ಮುಗಿಯುವ ದಿನ ಹಂಚಬಹುದು.

ಪ್ರತಿಗಳ ಲೆಕ್ಕ ಮೊದಲೇ ಆಗಿರಲಿ: ವಿದ್ಯಾರ್ಥಿಗೆ ತಲಾ ಎರಡು, ಶಿಕ್ಷಕರಿಗೆ, ಗ್ರಂಥಾಲಯಕ್ಕೆ, ಮುಂಗಡ ಕೊಟ್ಟವರಿಗೆ, ಜೊತೆಗೆ ಸ್ವಲ್ಪ ಕೈಮೀಸಲು. ಚಿತ್ರಗಳ ಹಕ್ಕು ಆಯಾ ಕಲಾವಿದರದ್ದೇ ಎಂಬ ಸಾಲು ಪುಸ್ತಕದ ಮುದ್ರಣ ವಿವರದ ಪುಟದಲ್ಲಿ ಬರಬೇಕು. ರೂಪದರ್ಶಿಯಾಗಿ ಕೂತವರ ಮುಖ ಗುರುತಾಗುವಂತಿದ್ದರೆ ಅವರ ಒಪ್ಪಿಗೆಯೂ ಬರಹದಲ್ಲಿ ಬೇಕು.

ಎಲ್ಲ ಮುಗಿದ ವಾರವೇ ಒಂದು ಫೋಲ್ಡರ್ ಮಾಡಿ: ಪುಸ್ತಕದ ಮೂಲ ಫೈಲ್, ಲಿಂಕ್ ಆದ ಚಿತ್ರಗಳು, ಫಾಂಟ್‌ಗಳು ಮತ್ತು ಅವುಗಳ ಪರವಾನಗಿ, ಪ್ರೆಸ್ಸಿಗೆ ಹೋದ ಪಿಡಿಎಫ್, ಹೆಸರು ಅಳತೆಗಳ ಪಟ್ಟಿ, ಲೇಬಲ್ ಟೆಂಪ್ಲೇಟ್, ಎರಡು ವಾಕ್ಯದ ಆ ನಿಯಮ. ಒಂದು ಪ್ರತಿ ಗ್ರಂಥಾಲಯಕ್ಕೆ, ಇನ್ನೊಂದು ಮುಂದಿನ ವರ್ಷದ ತಂಡಕ್ಕೆ. ವಾರಗಳ ವೇಳಾಪಟ್ಟಿಯನ್ನೂ ಸೇರಿಸಿ. ಯಾವ ಹಂತ ಎಷ್ಟು ದಿನ ತಡವಾಯಿತು ಎಂಬುದನ್ನು ಅದರ ಪಕ್ಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಡಿ, ಅವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಹಾಳೆ ಅದು.